ಸೂಳೆಕೆರೆ ನೀರು ಕುಡಿದ ತಂಗಿ

ನಾವು ಮೂವರು ಹೆಣ್ಣುಮಕ್ಕಳು. ಹುಟ್ಟಿದ್ದು ಜಗಳೂರು ತಾಲ್ಲೂಕಿನ ಸೊಕ್ಕೆ ಹತ್ತಿರದ ಸಣ್ಣ ಹಳ್ಳಿಯಲ್ಲಿ. ಅಲ್ಲಿ ಬೆಳೆದವರು ಮಾತ್ರ ಇಬ್ಬರೇ, ಅಕ್ಕ ಮತ್ತು ನಾನು. ತಂಗಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಅವ್ವ ಅವಳನ್ನು ಚಿಗವ್ವನಿಗೆ ಕೊಟ್ಟುಬಿಟ್ಟಿದ್ದಳು.

ಚಿಗವ್ವ ಅಂದರೆ ಅವ್ವನ ಒಡಹುಟ್ಟಿದ ತಂಗಿ. ಅವಳನ್ನು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ದಂಡೆಯ ಊರಿಗೆ ಮದುವೆ ಮಾಡಿಕೊಟ್ಟಿದ್ದರು. ಗದ್ದೆ ಇತ್ತು, ದನಕರು ಇದ್ದವು, ಮಕ್ಕಳಿರಲಿಲ್ಲ. ಅವಳು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ತಂಗಿಗೆ ಹಳದಿ ಫ್ರಾಕು ತಂದಿದ್ದಳು. ಅದನ್ನು ಹಾಕಿ, ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸು ಹತ್ತಿದಳು. ಅಪ್ಪ ಬಸ್ಸಿನವರೆಗೆ ಹೋದ. ಅವ್ವ ಹೋಗಲಿಲ್ಲ. ಒಳಗೆ ಕೂತು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸತೊಡಗಿದಳು. ಆ ಅಕ್ಕಿಯನ್ನು ಬೆಳಿಗ್ಗೆಯೇ ಆರಿಸಿ ಆಗಿತ್ತು.

ನಮ್ಮೂರಿನ ನೀರು ಕೊಳವೆಬಾವಿಯದು. ಊರವರು ಅದನ್ನು ಸವುಳು ನೀರು ಎನ್ನುತ್ತಿದ್ದರು. ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ಉಳಿಯುತ್ತಿತ್ತು, ಅವ್ವ ಚಿಟಿಕೆ ಸೋಡಾ ಹಾಕಿ ಬೇಯಿಸುತ್ತಿದ್ದಳು. ಸೋಪು ಉಜ್ಜಿದರೆ ನೊರೆ ಬರುವುದಿಲ್ಲ, ಕೂದಲು ಅಂಟಂಟು. ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕಟ್ಟುತ್ತಿತ್ತು, ಅದನ್ನು ಕೆರೆದು ತೆಗೆಯುವುದು ನನ್ನ ಮತ್ತು ಅಕ್ಕನ ಕೆಲಸ. ನಮ್ಮಿಬ್ಬರ ಹಲ್ಲಿನ ಮೇಲೂ ಕಂದು ಪಟ್ಟೆಗಳಿದ್ದವು. ಊರಿನ ಎಲ್ಲ ಮಕ್ಕಳಿಗೂ ಇದ್ದುದರಿಂದ ಅದು ಹಲ್ಲಿನ ಬಣ್ಣವೇ ಎಂದುಕೊಂಡಿದ್ದೆವು. ಬೇಸಿಗೆ ರಜೆಯಲ್ಲಿ ತಂಗಿ ಬಂದಾಗ ಅವಳ ಹಲ್ಲು ನೋಡಿ ಅಕ್ಕ, "ಇವಳ ಹಲ್ಲು ಮಾತ್ರ ಹೆಂಗೆ ಇಷ್ಟು ಬೆಳ್ಳಗವೆ?" ಎಂದು ಕೇಳಿದ್ದಳು. ಅವ್ವ, "ಅವರ ಊರಾಗೆ ಕೆರೆ ನೀರು ಕುಡಿತಾರೆ," ಎಂದಿದ್ದಳು. ಮಾತು ಅಲ್ಲಿಗೆ ಮುಗಿದಿತ್ತು.

ತಂಗಿ ರಜೆಗೆ ಬಂದರೂ ನಮ್ಮ ಮನೆಯಲ್ಲಿ ನೆಂಟಳಂತೆ ಇರುತ್ತಿದ್ದಳು. ನೀರು ಕುಡಿಯಲು ಆಗುತ್ತಿರಲಿಲ್ಲ, ಮುಖ ಸಿಂಡರಿಸುತ್ತಿದ್ದಳು. ಅವ್ವನನ್ನು ದೊಡ್ಡವ್ವ ಎಂದು ಕರೆಯುತ್ತಿದ್ದಳು. ಚಿಗವ್ವ ಅವಳಿಗೆ ಹಾಗೆ ಕಲಿಸಿದ್ದಳು. ಸತ್ಯ ಏನೆಂದು ಅವಳಿಗೆ ಶಾಲೆಯ ದಿನಗಳಲ್ಲಿಯೇ ಗೊತ್ತಾಗಿತ್ತು, ಆದರೂ ಹಾಗೆ ಕರೆಯುವುದು ಬದಲಾಗಲಿಲ್ಲ. ದೊಡ್ಡವಳಾದಂತೆ ಬರುವುದು ಕಡಿಮೆಯಾಯಿತು. ಚಿಗವ್ವನೇ ಓಡಾಡಿ ಹೊನ್ನಾಳಿಯ ಹುಡುಗನಿಗೆ ಮದುವೆ ಮಾಡಿದಳು. ಗಂಡ ಹೆಂಡತಿ ಸೇರಿ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ನ್ಯಾಮತಿ ರಸ್ತೆಯ ಹಳ್ಳಿಗಳಿಂದಲೂ ಜನ ಚೀಲ ಹೊತ್ತುಕೊಂಡು ಬರುತ್ತಾರೆ. ಯಾವಾಗ ಹೋದರೂ ಅವಳ ಹುಬ್ಬಿನ ಮೇಲೆ ಹಿಟ್ಟು.

ಅಕ್ಕನನ್ನು ಪಕ್ಕದ ಊರಿಗೇ ಕೊಟ್ಟರು. ನಾನು ಟೀಚರ್ ಆಗಿ ಜಗಳೂರಿನಲ್ಲಿ ನೆಲೆಸಿದೆ. ಹೀಗೆ ನಾವಿಬ್ಬರೂ ಅದೇ ನೆಲದ ಮೇಲೆ, ಅದೇ ನೀರಿನ ಮೇಲೆ ಉಳಿದೆವು.

ಅಕ್ಕ ಹೊಲಿಗೆ ಮಾಡುತ್ತಿದ್ದಳು. ರವಿಕೆ ಹೊಲಿಯುವುದರಲ್ಲಿ ಸುತ್ತಲ ಊರುಗಳಲ್ಲಿ ಅವಳ ಕೈಗೆ ಹೆಸರಿತ್ತು. ಮೂವತ್ತು ದಾಟುತ್ತಿದ್ದಂತೆ ಮೊಣಕಾಲು, ಸೊಂಟ, ಕುತ್ತಿಗೆ ಹಿಡಿದುಕೊಳ್ಳತೊಡಗಿದವು. ಮೆಷಿನ್ ತುಳಿದು ತುಳಿದು ಹೀಗಾಯಿತು ಎಂದು ಅವಳು ತಿಳಿದಳು. ನಮ್ಮ ಅಪ್ಪನಿಗೂ ಕೊನೆಕೊನೆಗೆ ಕುತ್ತಿಗೆ ತಿರುಗುತ್ತಿರಲಿಲ್ಲ, ಯಾರಾದರೂ ಕೂಗಿದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದ. ಹಾಗಾಗಿ ನೋವು ನಮಗೆ ಹೊಸದಲ್ಲ. ಅಂಗಡಿಯಲ್ಲಿ ಮೈಕೈ ನೋವಿನ ಮಾತ್ರೆ ಸಿಗುತ್ತಿತ್ತು. ಅಕ್ಕ ಬೆಳಿಗ್ಗೆ ಒಂದು ನುಂಗಿ ಮೆಷಿನ್ ಮುಂದೆ ಕೂರುತ್ತಿದ್ದಳು. ಹಬ್ಬದ ಮುಂದೆ ಬಟ್ಟೆ ಜಾಸ್ತಿ ಬಂದರೆ ಸಂಜೆಗೂ ಒಂದು. ನಾನೂ ಕಡಿಮೆಯಿರಲಿಲ್ಲ. ದಿನವಿಡೀ ನಿಂತು ಪಾಠ ಮಾಡಿದರೆ ಕಾಲು ಸೆಳೆಯುತ್ತಿತ್ತು, ನನ್ನ ಬ್ಯಾಗಿನಲ್ಲೂ ಅದೇ ಮಾತ್ರೆಯ ಪಟ್ಟಿ ಇರುತ್ತಿತ್ತು.

ಒಂದು ದೀಪಾವಳಿಗೆ ಹೋದಾಗ ಅಕ್ಕನ ಮುಖ ಊದಿಕೊಂಡಿತ್ತು. ಕಾಲುಂಗುರ ಬೆರಳಿನಲ್ಲಿ ಹೂತುಹೋಗಿತ್ತು. ಊಟ ಸೇರುವುದಿಲ್ಲ, ತಿಂದರೆ ವಾಂತಿ ಎಂದಳು. "ಪಿತ್ತ ಆಗೈತೆ," ಎಂದು ಜೀರಿಗೆ ಕಷಾಯ ಕುಡಿಯುತ್ತಿದ್ದಳು. ಭಾವ ಮತ್ತು ನಾನು ಬಲವಂತದಿಂದ ದಾವಣಗೆರೆಗೆ ಕರೆದುಕೊಂಡು ಹೋದೆವು. ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನ್ ಮಾಡಿದರು. ಡಾಕ್ಟರು ಭಾವನನ್ನು ಒಳಗೆ ಕರೆದು, ಎರಡೂ ಕಿಡ್ನಿ ಕುಗ್ಗಿ ಹೋಗಿವೆ, ಇನ್ನು ಡಯಾಲಿಸಿಸ್ ಮಾಡಿಸಲೇಬೇಕು ಎಂದರು. ಭಾವ ಹೊರಗೆ ಬಂದು ಗೋಡೆಗೆ ಒರಗಿ ನಿಂತರು. ಅಕ್ಕ ಅವರ ಮುಖ ನೋಡಿ, "ಹೊಲಿಯಾಕೆ ಇಟ್ಟಿರೋ ಬಟ್ಟೆ ಎಲ್ಲ ವಾಪಸ್ ಕೊಡಬೇಕಾ?" ಎಂದು ಕೇಳಿದಳು. ಅವಳಿಗೆ ಮೊದಲು ಹೊಳೆದದ್ದು ಅದು.

ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾಯಿತು. ಡಯಾಲಿಸಿಸ್ಸಿನ ಸೂಜಿಗಿಂತ ಅವಳನ್ನು ಹೆಚ್ಚು ಕಾಡಿದ್ದು ಬಾಯಾರಿಕೆ. ಮೂತ್ರ ನಿಂತುಹೋಗಿದ್ದರಿಂದ ಕುಡಿದ ನೀರು ಮೈಯಲ್ಲೇ ನಿಂತು ಉಸಿರಿಗೆ ತೊಂದರೆ ಕೊಡುತ್ತದೆ, ಅಳತೆ ಮಾಡಿ ಕುಡಿಯಬೇಕು ಎಂದಿದ್ದರು. ಆ ಬೇಸಿಗೆಯಲ್ಲಿ ಅವಳು ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದಳು, ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದಳು. ಅವಳ ಮುಂದೆ ಲೋಟ ಎತ್ತಲು ನಮಗೆ ಕೈ ಬರುತ್ತಿರಲಿಲ್ಲ. "ನೀವು ಕುಡೀರಿ, ನಾನು ನೋಡ್ತೀನಿ. ನೋಡಿದ್ರೂ ಅರ್ಧ ತಣ್ಣಗಾಗ್ತದೆ," ಎನ್ನುತ್ತಿದ್ದಳು. ಅದು ತಮಾಷೆಯೋ ನಿಜವೋ ತಿಳಿಯುತ್ತಿರಲಿಲ್ಲ.

ಮನೆಯವರಲ್ಲಿ ಯಾರಾದರೂ ಕಿಡ್ನಿ ಕೊಡುವುದಾದರೆ ಕಸಿ ಮಾಡಬಹುದು ಎಂದು ಡಾಕ್ಟರು ಹೇಳಿದರು. ಭಾವನಿಗೆ ಸಕ್ಕರೆ ಕಾಯಿಲೆ, ಅವರದು ಆಗುವುದಿಲ್ಲ. ಅಕ್ಕನ ಹೆಣ್ಣುಮಕ್ಕಳು ಇನ್ನೂ ಓದುತ್ತಿದ್ದರು, ಅವರ ಹೆಸರೆತ್ತಿದರೆ ಡಯಾಲಿಸಿಸ್ಸನ್ನೂ ಬಿಡುತ್ತೇನೆ ಎಂದು ಅಕ್ಕ ಹೆದರಿಸಿದಳು. ಅವ್ವ ಸೆರಗು ಬಿಗಿದುಕೊಂಡು ಮುಂದೆ ಬಂದಳು. ಅವಳ ರಕ್ತದ ವರದಿ ನೋಡಿಯೇ ಡಾಕ್ಟರು ಬೇಡವೆಂದರು. ಉಳಿದವಳು ನಾನು.

ನನ್ನ ಗಂಡ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ತಾನೇ ಬೈಕು ತೆಗೆದು ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟರು. ನನ್ನ ರಕ್ತದ ಗುಂಪು ಅಕ್ಕನಿಗೆ ಹೊಂದುತ್ತಿತ್ತು. ನಾನು ಧೈರ್ಯವಾಗಿಯೇ ಇದ್ದೆ. ಒಂದು ಕೊಟ್ಟರೆ ಇನ್ನೊಂದು ಇರುತ್ತದಲ್ಲ ಎಂದು ಶಾಲೆಯಲ್ಲಿ ಸಹೋದ್ಯೋಗಿಗಳಿಗೆ ನಾನೇ ಸಮಾಧಾನ ಹೇಳಿ ಬಂದಿದ್ದೆ.

ವರದಿ ಬಂದ ದಿನ ಡಾಕ್ಟರು ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡರು.

"ಟೀಚರ್, ನೀವು ಕೊಡೋ ಹಾಗಿಲ್ಲ."

"ಯಾಕೆ ಸಾರ್? ಗುಂಪು ಹೊಂದ್ತದೆ ಅಂದ್ರಲ್ಲ."

"ಗುಂಪು ಹೊಂದುತ್ತೆ. ಆದರೆ ನಿಮ್ಮ ಕಿಡ್ನಿಗಳೂ ಈಗ ಅರ್ಧದಷ್ಟೇ ಕೆಲಸ ಮಾಡ್ತಾ ಇವೆ. ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ. ನಿಮಗೆ ಏನೂ ಗೊತ್ತಾಗಿಲ್ವಾ?"

ನನಗೆ ಏನೂ ಗೊತ್ತಾಗಿರಲಿಲ್ಲ. ಸುಸ್ತು ಯಾರಿಗಿಲ್ಲ? ಬೆಳಿಗ್ಗೆ ಕಣ್ಣ ಕೆಳಗೆ ಸ್ವಲ್ಪ ಊದಿರುತ್ತಿತ್ತು, ನಿದ್ದೆ ಸಾಲದು ಎಂದುಕೊಂಡಿದ್ದೆ. ಕೊಡಲು ಹೋದವಳು ಕಾಯಿಲೆಯವಳಾಗಿ ಕುರ್ಚಿಯಲ್ಲಿ ಕೂತಿದ್ದೆ. ನನ್ನ ಬಾಯಿಂದ ಬಂದ ಪ್ರಶ್ನೆ ಒಂದೇ: "ನಮ್ಮೂರ ನೀರಿನಿಂದ ಹಿಂಗಾತಾ ಸಾರ್?"

ಅವರು ಕೂಡಲೇ ಹೌದೆನ್ನಲಿಲ್ಲ. ನಮ್ಮ ಕಡೆಯ ನೀರಿನಲ್ಲಿ ಫ್ಲೋರೈಡ್ ಇದೆ, ಬೇರೆ ಲವಣಗಳೂ ಹೆಚ್ಚು. ಫ್ಲೋರೈಡನ್ನು ಮೈಯಿಂದ ಹೊರಹಾಕುವುದು ಕಿಡ್ನಿಯೇ, ಕಿಡ್ನಿ ಕುಗ್ಗಿದಷ್ಟೂ ಅದು ಒಳಗೇ ನಿಂತು ಮೂಳೆಗೆ ಸೇರುತ್ತದೆ, ಮೂಳೆ ನೋಯುತ್ತದೆ. ನೋವಿಗೆ ಜನ ಮಾತ್ರೆ ನುಂಗುತ್ತಾರೆ, ಆ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಕಿಡ್ನಿಯನ್ನು ಮತ್ತಷ್ಟು ಕೆಡಿಸುತ್ತದೆ ಎಂದು ವಿವರಿಸಿದರು. "ನೀವಿಬ್ಬರೂ ಒಂದೇ ತಾಯಿ ಮಕ್ಕಳು, ಒಂದೇ ನೀರು ಕುಡಿದಿದ್ದೀರಿ, ಒಂದೇ ಮಾತ್ರೆ ನುಂಗಿದ್ದೀರಿ. ಯಾವುದರಿಂದ ಎಷ್ಟು ಹಾಳಾಯ್ತು ಅಂತ ಬಿಡಿಸಿ ಹೇಳೋಕೆ ನನಗೆ ಬರಲ್ಲ. ಆದರೆ ಇವತ್ತಿಂದ ಆ ಮಾತ್ರೆ ಬಿಡಿ, ಆ ನೀರೂ ಬಿಡಿ. ನಿಮ್ಮದನ್ನ ಹೀಗೇ ಉಳಿಸಿಕೊಳ್ಳಬಹುದು," ಎಂದರು.

ಹೊರಗೆ ಬಂದಾಗ ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ನಾನು ಹೇಳುವ ಮೊದಲೇ ನನ್ನ ಮುಖದಿಂದ ಓದಿಕೊಂಡಳು. ನನ್ನ ಕೈ ಹಿಡಿದು, "ನಂದು ಹೋದ್ರೆ ಹೋಗ್ಲಿ, ನಿಂದು ಗೊತ್ತಾತಲ್ಲ," ಎಂದಳು.

ತಂಗಿಯ ಮಾತು ಬಂದದ್ದು ಬಸ್ಸಿನಲ್ಲಿ. ಭಾವನೇ ತೆಗೆದರು. "ಹೊನ್ನಾಳಿಯೋರನ್ನ ಒಂದು ಮಾತು ಕೇಳಬಹುದಿತ್ತು," ಎಂದರು. ಅಕ್ಕ ಕಿಟಕಿಯ ಕಡೆ ಮುಖ ಮಾಡಿದ್ದವಳು ಗಕ್ಕನೆ ತಿರುಗಿದಳು.

"ಕೇಳಬ್ಯಾಡ್ರಿ. ಒಂದ್ಸಲ ಅವಳನ್ನ ಕೇಳ್ದಂಗೆ ಕೊಟ್ಟಿದ್ದಾತು. ಈಗ ಹೋಗಿ ನಿನ್ನ ಮೈಯಾಗಿಂದು ಕೊಡು ಅಂತ ಕೇಳಾಕೆ ನನಗೆ ಮುಖ ಇಲ್ಲ. ಯಾರೂ ಅವಳಿಗೆ ಹೇಳಕೂಡದು."



ತಂಗಿಗೆ ಅಕ್ಕನ ಕಾಯಿಲೆ ಗೊತ್ತಿತ್ತು, ಹಣ್ಣು ತೆಗೆದುಕೊಂಡು ಎರಡು ಸಲ ನೋಡಲು ಬಂದಿದ್ದಳು. ದಾನಿಗಳನ್ನು ಹುಡುಕುತ್ತಿರುವುದು ಗೊತ್ತಿರಲಿಲ್ಲ. ಅದನ್ನು ಅವಳಿಗೆ ಹೇಳಿದ್ದು ಅಕ್ಕನ ದೊಡ್ಡ ಮಗಳು. ಫೋನಿನಲ್ಲಿ ಅಳುತ್ತಾ ಎಲ್ಲ ಹೇಳಿಬಿಟ್ಟಳು. ಮರುದಿನ ಹತ್ತು ಗಂಟೆಯ ಹೊತ್ತಿಗೆ ತಂಗಿ ನಮ್ಮ ಶಾಲೆಯ ಗೇಟಿನ ಹತ್ತಿರ ನಿಂತಿದ್ದಳು. ಅವಳನ್ನು ಅಲ್ಲಿ ನೋಡಿ ಅಕ್ಕನಿಗೇ ಏನೋ ಆಯಿತೆಂದುಕೊಂಡು ಗೇಟಿಗೆ ಓಡಿದೆ.

"ಸಣ್ಣಕ್ಕ, ನೀನು ಟೆಸ್ಟ್ ಮಾಡಿಸ್ಕಂಡಿದ್ದಂತೆ. ಅವ್ವನೂ ಮಾಡಿಸ್ಕಂಡ್ಲಂತೆ." ಅವಳು ಅವ್ವ ಎಂದಳು. ನಮ್ಮವ್ವನಿಗೆ ಅವಳ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. "ನನ್ನನ್ನ ಯಾಕೆ ಕೇಳಲಿಲ್ಲ?"

"ನಿನಗೆ ಯಾವ ಬಾಯಿಂದ ಕೇಳಾದು ಅಂತ..."

"ಯಾವ ಬಾಯಿಂದ ಅಂದ್ರೆ? ಒಡಹುಟ್ಟಿದೋರು ಅಂದಾಗ ನಿಮ್ಮ ಲೆಕ್ಕಕ್ಕೆ ನಾನು ಬರಾದೇ ಇಲ್ವಾ? ಕೊಡೋವಾಗ ಕೇಳಲಿಲ್ಲ, ಅವಾಗ ನಾನು ಕೂಸು. ಈಗ್ಲೂ ನೀವು ನೀವೇ ಕುಂತು ಇವಳು ಬ್ಯಾಡ ಅಂತ ತೀರ್ಮಾನ ಮಾಡಿದ್ರಾ?"

ಅವಳು ಅಳಲಿಲ್ಲ. ಕೋಪದಿಂದ ಕತ್ತಿನ ನರ ಉಬ್ಬಿತ್ತು. ನಾವು ಅವಳ ಮೇಲಿನ ಗೌರವದಿಂದ ಮಾಡಿದ್ದು ಅವಳಿಗೆ ಹೇಗೆ ಕಂಡಿತ್ತು ಎಂದು ಆಗ ತಿಳಿಯಿತು. ನಾನು ಅರ್ಧ ದಿನ ರಜೆ ಹಾಕಿ ಅವಳನ್ನು ಅಕ್ಕನ ಊರಿಗೆ ಕರೆದುಕೊಂಡು ಹೋದೆ. ಅವ್ವನೂ ಅಲ್ಲೇ ಇದ್ದಳು. ತಂಗಿ ಒಳಗೆ ಹೋಗಿ ಅವ್ವನ ಎದುರು ಕೂತು, ಸುತ್ತುಬಳಸದೆ ಕೇಳಿದಳು:

"ನಾನು ಕೊಡ್ತೀನಿ. ಅದಕ್ಕೂ ಮುಂಚೆ ನನಗೆ ಒಂದು ಹೇಳು. ಮೂರು ಜನರಾಗೆ ನನ್ನನ್ನೇ ಯಾಕೆ ಕೊಟ್ಟೆ?"

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಳು. ಕೊನೆಗೆ, "ನನ್ನ ತಂಗಿ ನಿಮ್ಮ ಮೂವರನ್ನೂ ಎತ್ಕಂಡು ನೋಡಿದ್ಲು ಕಣವ್ವ. ಇವರಿಬ್ಬರೂ ಅತ್ರು. ನೀನು ಅಳಲಿಲ್ಲ, ಅವಳ ಸರ ಹಿಡ್ಕಂಡು ಆಡ್ತಿದ್ದೆ. ಅಷ್ಟೇ," ಎಂದಳು.

ಬೇರೆ ಏನಾದರೂ ದೊಡ್ಡ ಕಾರಣ ಇರಬಹುದೆಂದು ತಂಗಿ ಇಷ್ಟು ವರ್ಷ ಕಾದಿದ್ದಳೋ ಏನೋ. ಅವಳು ತಲೆಯಾಡಿಸಿ ಎದ್ದು ಹಿತ್ತಲಿಗೆ ಹೋದಳು. ಅಕ್ಕ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡಿದ್ದಳು.

ತಂಗಿಯ ಪರೀಕ್ಷೆಗಳೆಲ್ಲ ಒಂದೊಂದಾಗಿ ಆದವು. ಅವಳ ಕಿಡ್ನಿಗಳು ಚೆನ್ನಾಗಿದ್ದವು. ಅಕ್ಕನಿಗೆ ಹೊಂದುತ್ತಿದ್ದವು. ಅವಳ ಗಂಡ ಒಳ್ಳೆಯ ಮನುಷ್ಯ, ಹೆದರಿದರೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಕಾಗದ. ಶಾಲೆಯ ದಾಖಲೆ, ಆಧಾರ್, ರೇಷನ್ ಕಾರ್ಡು, ಎಲ್ಲದರಲ್ಲೂ ತಂಗಿ ಚಿಗವ್ವನ ಮಗಳು. ಕಾಗದದ ಪ್ರಕಾರ ಅವಳು ಅಕ್ಕನಿಗೆ ತಂಗಿಯೇ ಅಲ್ಲ. ಕಸಿಗೆ ಒಪ್ಪಿಗೆ ಕೊಡುವ ಸಮಿತಿಯವರು ರಕ್ತದ ಪರೀಕ್ಷೆಯಿಂದ ಸಂಬಂಧ ತಿಳಿಯುತ್ತದೆ, ಆದರೂ ಹೆತ್ತ ತಾಯಿ ಮತ್ತು ಸಾಕಿದ ತಾಯಿ ಇಬ್ಬರೂ ಬಂದು ಹೇಳಿಕೆ ಕೊಡಬೇಕು ಎಂದರು.

ಚಿಗವ್ವನನ್ನು ಒಪ್ಪಿಸಲು ನಾನೂ ತಂಗಿಯೂ ಸೂಳೆಕೆರೆ ದಂಡೆಯ ಊರಿಗೆ ಹೋದೆವು. ಗಂಡ ತೀರಿಕೊಂಡ ಮೇಲೆ ಅವಳು ಒಬ್ಬಳೇ ಇದ್ದಳು, ಗದ್ದೆಯನ್ನು ಬೆಳೆಯಲ್ಲಿ ಪಾಲು ಕೊಡುವವರಿಗೆ ಕೋರಿಗೆ ಕೊಟ್ಟಿದ್ದಳು. ವಿಷಯ ಕೇಳಿ ಅವಳು ನನ್ನ ಕಡೆ ತಿರುಗಿದಳು.

"ನಿಮ್ಮವ್ವ ಕೊಟ್ಟಾಗ ಈ ಕೂಸು ಇಷ್ಟಿತ್ತು. ಹಾಲು ಕುಡಿಸಿ, ರಾಗಿ ಕುಡಿಸಿ, ಈ ಮೈ ಬೆಳೆಸಿದೋಳು ನಾನು. ಈಗ ಕೊಯ್ಯಾಕೆ ನಿಮ್ಮದಾತಾ?"

ತಂಗಿ ಅವಳ ಪಕ್ಕದಲ್ಲಿ ಕೂತು ಕಾಲೊತ್ತತೊಡಗಿದಳು. "ನೀನು ಬೆಳೆಸಿದ್ದಕ್ಕೇ ಚೆನ್ನಾಗೈತಂತೆ ಅವ್ವ. ಡಾಕ್ಟರೇ ಹೇಳಿದ್ರು," ಎಂದಳು. ಡಾಕ್ಟರು ಹಾಗೆ ಹೇಳಿರಲಿಲ್ಲ. ಚಿಗವ್ವ ಕಣ್ಣೊರೆಸಿಕೊಂಡು, ಯಾವತ್ತು ಬರಬೇಕು ಎಂದು ಕೇಳಿದಳು.

ಹೇಳಿಕೆ ಕೊಡುವ ದಿನ, ಕಸಿ ಮಾಡಲಿದ್ದ ದೊಡ್ಡ ಊರಿನ ಆಸ್ಪತ್ರೆಯ ಒಂದು ಕೋಣೆಯಲ್ಲಿ ಉದ್ದ ಮೇಜಿನ ಹಿಂದೆ ನಾಲ್ಕೈದು ಜನ ಕೂತಿದ್ದರು. ಅವ್ವನನ್ನು ಕೇಳಿದರು. ಇವಳು ನಾನು ಹೆತ್ತ ಮಗಳು ಎಂದು ಅವ್ವ ಹೇಳಿದಳು. ಹೇಳುವಾಗ ಅವಳ ದನಿ ಎಷ್ಟು ಸಣ್ಣದಾಯಿತೆಂದರೆ, ಮತ್ತೊಮ್ಮೆ ಹೇಳಿ ಎಂದರು. ಆಮೇಲೆ ಚಿಗವ್ವನ ಸರದಿ. ಅವಳು ಒಳ್ಳೆಯ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು ಬಂದಿದ್ದಳು.

"ಅಮ್ಮಾ, ದಾಖಲೆಯಲ್ಲಿ ನೀವೇ ತಾಯಿ ಅಂತಿದೆ. ಇವರನ್ನ ಹೆತ್ತವರು ನೀವಾ?"

ಚಿಗವ್ವ ಮೇಜಿನ ಅಂಚನ್ನು ಹಿಡಿದುಕೊಂಡಳು. ತಂಗಿ ಅವಳ ಹಿಂದೆ ನಿಂತಿದ್ದಳು.

"ನಾನು ಹೆತ್ತಿಲ್ರಿ," ಎಂದಳು. ತಿರುಗಿ ತಂಗಿಯನ್ನು ನೋಡಿ, "ಇವಳು ನಮ್ಮಕ್ಕನ ಮಗಳು," ಎಂದಳು.

ಅಷ್ಟೇ ಸಾಕಾಗಿತ್ತು. ಸಹಿ ಮಾಡಿಸಿಕೊಂಡರು. ಹೊರಗೆ ಬಂದ ಕೂಡಲೇ ಅವಳ ಕಾಲು ಕುಸಿಯಿತು. ತಂಗಿ ಹಿಡಿದುಕೊಳ್ಳುವ ಮೊದಲೇ ಅವ್ವ ಓಡಿ ಹೋಗಿ ಹಿಡಿದುಕೊಂಡಳು. ಅವ್ವ, ಚಿಗವ್ವ ಇಬ್ಬರೂ ಆ ವರಾಂಡದ ನೆಲದ ಮೇಲೇ ಕೂತು ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಅತ್ತರು. ನರ್ಸೊಬ್ಬಳು ಬಂದು ಯಾರು ತೀರಿಕೊಂಡರು ಎಂದು ನನ್ನನ್ನು ಮೆಲ್ಲಗೆ ಕೇಳಿದಳು.

ಆಪರೇಷನ್ ಆಯಿತು. ತಂಗಿಯ ಕಿಡ್ನಿ ಅಕ್ಕನ ಹೊಟ್ಟೆಯ ಬಲಭಾಗದಲ್ಲಿ ಕೂತು ಅವತ್ತೇ ಕೆಲಸ ಶುರು ಮಾಡಿತು. ನರ್ಸು ಮೂತ್ರದ ಚೀಲ ತೋರಿಸಿ ನಕ್ಕಾಗ ಭಾವ ಕೈಮುಗಿದರು. ಇನ್ನು ಮೇಲೆ ಚೆನ್ನಾಗಿ ನೀರು ಕುಡಿಯಬೇಕು, ಒಳಗಿನ ಹೊಸ ಕಿಡ್ನಿ ಒಣಗಬಾರದು ಎಂದು ಡಾಕ್ಟರು ಅಕ್ಕನಿಗೆ ಹೇಳಿದರು. ಅವಳು ಮೊದಲ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲ ಕಡೆ ನೋಡಿ, "ಪೂರ್ತಿ ಕುಡೀಲಾ?" ಎಂದು ಕೇಳಿದಳು. ಪೂರ್ತಿ ಕುಡಿದಳು. ತುಟಿಯ ಪಕ್ಕದಿಂದ ಇಳಿದ ಹನಿಯನ್ನೂ ಬೆರಳಿನಿಂದ ಬಾಯಿಗೆ ಹಾಕಿಕೊಂಡಳು.

ಎಲ್ಲವೂ ಸುಖವಾಗಿ ಮುಗಿಯಿತು ಎಂದು ಹೇಳಲು ನನಗೆ ಮನಸ್ಸಾಗುವುದಿಲ್ಲ. ಅಕ್ಕ ಜೀವನಪೂರ್ತಿ ಮಾತ್ರೆ ನುಂಗಬೇಕು, ಸಣ್ಣ ನೆಗಡಿಗೂ ಹೆದರಬೇಕು. ನೆಂಟರ ಮದುವೆ ಮುಂಜಿಗೆ ಹೋಗುವುದಿಲ್ಲ. ಹೊಲಿಗೆಯನ್ನು ಮತ್ತೆ ಸ್ವಲ್ಪ ಸ್ವಲ್ಪ ಶುರು ಮಾಡಿದ್ದಾಳೆ, ಮೆಷಿನ್ನಿಗೆ ಮೋಟಾರು ಹಾಕಿಸಿಕೊಂಡಿದ್ದಾಳೆ. ತಂಗಿಗೆ ಭಾರ ಎತ್ತಬಾರದೆಂದಿದ್ದಾರೆ, ಗಿರಣಿಗೆ ಬಂದ ಚೀಲಗಳನ್ನು ಅವಳ ಗಂಡನೇ ಎತ್ತಿಳಿಸುತ್ತಾನೆ. ನನ್ನ ಕಿಡ್ನಿಗಳು ಡಾಕ್ಟರು ಹೇಳಿದ ಜಾಗದಲ್ಲೇ ನಿಂತಿವೆ, ಕೆಳಗಿಳಿದಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ವರದಿಗಾಗಿ ಕಾಯುತ್ತೇನೆ. ಕಾಲು ನೋವು ಇದ್ದೇ ಇದೆ, ಬಿಸಿನೀರಿನ ಶಾಖ ಕೊಟ್ಟುಕೊಂಡು ಮಲಗುತ್ತೇನೆ. ಈಗ ಊರಿಗೆ ಶುದ್ಧ ನೀರಿನ ಘಟಕ ಬಂದಿದೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಅದು ಕೆಟ್ಟು ನಿಂತಾಗ ಜನ ಮತ್ತೆ ಕೊಳವೆಬಾವಿಯ ನಲ್ಲಿಗೇ ಹೋಗುತ್ತಾರೆ. ನನ್ನ ತರಗತಿಯ ಮಕ್ಕಳು ಬಾಯಿ ತೆರೆದು ಪದ್ಯ ಹೇಳುವಾಗ ನಾನು ಅವರ ಹಲ್ಲುಗಳನ್ನು ನೋಡುತ್ತೇನೆ. ತಾಯಂದಿರನ್ನು ಕರೆಸಿ ಹೇಳುತ್ತೇನೆ. ಕೆಲವರು ಕೇಳುತ್ತಾರೆ.

ಈ ವರ್ಷ ತಂಗಿ ಅವ್ವನನ್ನು ತನ್ನ ಮನೆಗೆ ಕರೆದಳು. ಇಷ್ಟು ವರ್ಷಗಳಲ್ಲಿ ಅವ್ವ ಅಲ್ಲಿ ಒಂದು ರಾತ್ರಿಯೂ ಉಳಿದಿರಲಿಲ್ಲ. ಒಂದು ತಿಂಗಳು ಇದ್ದು ಬರುತ್ತೇನೆಂದು ಸಂಭ್ರಮದಿಂದ ಹೊನ್ನಾಳಿಗೆ ಹೋದವಳು ವಾರ ತುಂಬುವುದರೊಳಗೆ ವಾಪಸು ಬಂದಳು. ನನಗೆ ಭಯವಾಯಿತು.

"ಯಾಕವ್ವ, ಅವಳು ಏನಾರ ಅಂದ್ಲಾ?"

"ಏನೂ ಅಂದಿಲ್ಲ. ಚಲೋ ನೋಡ್ಕಂಡ್ಲು. ಅವರ ಊರಿನ ಹೊಳೆ ನೀರು ಸಪ್ಪೆ ಕಣೇ. ಎಷ್ಟು ಕುಡಿದ್ರೂ ಕುಡಿದಂಗೇ ಆಗಲ್ಲ."

ಸಂಜೆ ತಂಗಿಯ ಫೋನು ಬಂತು, ಅವ್ವ ಸರಿಯಾಗಿ ಮುಟ್ಟಿದಳಾ ಎಂದು ಕೇಳಲು. ನಾನು ನೀರಿನ ವಿಷಯ ಹೇಳಿದೆ. ಹಿಂದೆ ಗಿರಣಿ ಗರಗರ ಎನ್ನುತ್ತಿತ್ತು, ಅವಳು ಜೋರಾಗಿ ಮಾತಾಡಬೇಕಾಯಿತು.

"ದಸರಾ ರಜೆಗೆ ನೀನೇ ಕರ್ಕಂಡ್ ಬಾ ಸಣ್ಣಕ್ಕ," ಎಂದಳು. "ಕುಡೀತಾ ಕುಡೀತಾ ರೂಢಿ ಆಗ್ತೈತೆ."